ತಿಪ್ಪೆ ಸಾರಿಸುವ ತರ್ಕ

‘ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆಯನ್ನು ನಾವು ಕನ್ನಡ ಮೇಷ್ಟ್ರುಗಳು ಬಹಳ ಹಗುರವಾಗಿ ನೋಡುತ್ತೇವೆ. ಎರಡು ಅಂಕದ ಪ್ರಶ್ನೆ. ಹುಡುಗ ಪದವನ್ನು ವಾಕ್ಯದೊಳಗೆ ಎಲ್ಲಾದರೂ ತುರುಕಿದ್ದರೆ ಸಾಕು, ಟಿಕ್ ಹಾಕಿ ಪುಟ ತಿರುಗಿಸುತ್ತೇವೆ. ರಾಮನಗರದ ಸುತ್ತಮುತ್ತ ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ತಿದ್ದಿಕೊಂಡು ಬಂದ ನನಗೆ ಒಂದು ಸಲ ‘ಕುತರ್ಕ’ ಎಂಬ ಪದ ಕಾಲಿಗೆ ತೊಡರಿಕೊಂಡಿತು. ಪದ ಕೊಟ್ಟವನು ನಾನೇ. ತರಗತಿಯಲ್ಲಿ ನಡೆಸಿದ ಸಣ್ಣ ಪರೀಕ್ಷೆ. ಬಂದ ವಾಕ್ಯಗಳು ಇಂಥವು: ‘ಅವನು ಅಪ್ಪನ ಜೊತೆ ಕುತರ್ಕ ಮಾಡಿದನು.’ ‘ಗುರುಹಿರಿಯರ ಎದುರು ಕುತರ್ಕ ಮಾಡಬಾರದು.’ ‘ಕುತರ್ಕ ಮಾಡುವವರಿಗೆ ವಿದ್ಯೆ ಹತ್ತುವುದಿಲ್ಲ.’ ಹೆಚ್ಚಿನ ಹುಡುಗರಿಗೆ ಕುತರ್ಕ ಎಂದರೆ ಎದುರು ಮಾತಾಡುವುದು. ಚಿಕ್ಕವರು ದೊಡ್ಡವರಿಗೆ, ಕೂಲಿಯವರು ಹೊಲದವರಿಗೆ, ಸೊಸೆ ಅತ್ತೆಗೆ ತಿರುಗಿ ಕೇಳಿದರೆ ಅದು ಕುತರ್ಕ. ಅತ್ತೆ ಸೊಸೆಗೆ ಹೇಳಿದ್ದು ಕುತರ್ಕವಾದ ಒಂದು ವಾಕ್ಯವೂ ಇರಲಿಲ್ಲ.

ಒಂದೇ ಒಂದು ಪತ್ರಿಕೆ ಬೇರೆಯಾಗಿತ್ತು. ಮಾಗಡಿ ಕಡೆಯ ಒಬ್ಬ ಹುಡುಗಿ ಬರೆದಿದ್ದಳು: ‘ನಮ್ಮೂರಲ್ಲಿ ಈಗ ಜಾತಿಗೀತಿ ಏನೂ ಇಲ್ಲ, ಹೋಟ್ಲಲ್ಲಿ ಎಲ್ಲಾರ್ಗೂ ಪ್ಲಾಸ್ಟಿಕ್ ಲೋಟದಲ್ಲೇ ಟೀ ಕೊಡ್ತಾರೆ ಅನ್ನೋದು ಕುತರ್ಕ.’

ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು, ‘ಆಡುಮಾತು ಬರೆದಿದ್ದಾಳೆ, ಅರ್ಧ ಅಂಕ ಕಳೀರಿ. ಅಲ್ಲದೆ ಇದು ವಾಕ್ಯ ಅಲ್ಲ ಸಾರ್, ಕಂಪ್ಲೇಂಟು’ ಎಂದರು. ನನಗೆ ಮಾತ್ರ, ಆ ಕಟ್ಟಿನಲ್ಲಿ ಕುತರ್ಕ ಎಂಬ ಪದವನ್ನು ಸರಿಯಾಗಿ ಬಳಸಿದವಳು ಅವಳೊಬ್ಬಳೇ ಅನ್ನಿಸಿತು. ಎಲ್ಲರಿಗೂ ಪ್ಲಾಸ್ಟಿಕ್ ಲೋಟ ಕೊಡುತ್ತಾರೆ ಎಂಬುದು ಸುಳ್ಳಲ್ಲ, ಕಣ್ಣಿಗೆ ಕಾಣುವ ನಿಜ. ಎಲ್ಲರಿಗೂ ಒಂದೇ ಲೋಟವಾದರೆ ಭೇದ ಇಲ್ಲ ಎಂಬುದೂ ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಕುಡಿದು ಬಿಸಾಡುವ ಲೋಟ ಯಾಕೆ ಬಂತು? ನಮ್ಮ ಬಾಯಿ ತಾಗಿದ ಸ್ಟೀಲ್ ಲೋಟವನ್ನು ತೊಳೆದು ಇನ್ನೊಬ್ಬರಿಗೆ ಕೊಡುವ ಸಂಕಟ ತಪ್ಪಲೆಂದು ಬಂತು. ಗೂಡಂಗಡಿಯ ಸೂರಿಗೆ ಸಿಕ್ಕಿಸಿದ್ದ ನಮ್ಮ ತೆಂಗಿನ ಚಿಪ್ಪು, ಆಮೇಲಿನ ಬೇರೆ ಲೋಟ, ಈಗಿನ ಬಿಸಾಡುವ ಲೋಟ, ಮೂರೂ ಒಂದೇ ವಂಶದವು. ಹುಡುಗಿ ಸುಳ್ಳನ್ನು ಕುತರ್ಕ ಎಂದು ಕರೆಯಲಿಲ್ಲ, ನಿಜದ ಬೆನ್ನ ಮೇಲೆ ಕೂತು ಬಂದ ಸುಳ್ಳನ್ನು ಕರೆದಳು. ಪದದ ಸರಿಯಾದ ಜಾಗ ಅದೇ. ಬರೀ ಸುಳ್ಳು ಕುತರ್ಕವಲ್ಲ. ತಿಳಿಯದೆ ಆಡಿದ ತಪ್ಪು ಮಾತೂ ಅಲ್ಲ. ಪ್ರಶ್ನೆಯಂತೂ ಅಲ್ಲವೇ ಅಲ್ಲ. ಕಾರಣದ ವೇಷ ಹಾಕಿಕೊಂಡು ಬಂದು, ಕೇಳಿದವನು ‘ಹೌದಲ್ಲವಾ’ ಎಂದು ತಲೆದೂಗುವ ಹಾಗೆ ಮಾಡಿ, ಅವನನ್ನು ಬೇರೆಲ್ಲೋ ಕೊಂಡೊಯ್ದು ಬಿಡುವ ಮಾತು ಕುತರ್ಕ.

ದಲಿತ ವಿಮರ್ಶೆಯ ಈ ವಿಶೇಷಾಂಕಕ್ಕೆ ಬರೆಯಲು ಕೇಳಿದಾಗ, ದೊಡ್ಡ ಪರಿಕಲ್ಪನೆಗಳನ್ನು ಬಿಟ್ಟು ಈ ಒಂದು ಪದವನ್ನೇ ಹಿಡಿದುಕೊಳ್ಳೋಣ ಎನಿಸಿದ್ದು ಅದಕ್ಕೇ. ನಮ್ಮ ಮೇಲೆ ಪ್ರಯೋಗವಾದ ಪದಗಳಲ್ಲಿ ಇದೂ ಒಂದು. ಯಾರು ಯಾರ ಮೇಲೆ ಪ್ರಯೋಗಿಸುತ್ತಾರೆ ಎಂಬುದನ್ನು ನೋಡಿದರೆ ಯಜಮಾನ ಸಂಸ್ಕೃತಿಯ ಒಳಗುಟ್ಟು ಸ್ವಲ್ಪ ಬಯಲಾಗುತ್ತದೆ.

ಚನ್ನಪಟ್ಟಣ ತಾಲ್ಲೂಕಿನ ನಮ್ಮ ಕೇರಿಯಲ್ಲಿ ಕುತರ್ಕ ಎಂಬ ಪದ ಯಾರಿಗೂ ಗೊತ್ತಿರಲಿಲ್ಲ. ಅದರ ಕೆಲಸವನ್ನು ಇನ್ನೊಂದು ಮಾತು ಮಾಡುತ್ತಿತ್ತು. ರಾಗಿ ಕುಯ್ಲಿನ ಕಾಲದಲ್ಲಿ ಹೊಲದವರು ಕೂಲಿ ಅಳೆಯುವಾಗ ಕೊಳಗ ತಲೆ ಕಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದರೆ, ‘ಮಧ್ಯಾನ ಹಿಟ್ಟು ಇಕ್ಕಿಲ್ವಾ? ಹೊತ್ತಾರೆ ಎಲೆಅಡಿಕೆ ಕೊಟ್ಟಿಲ್ವಾ? ಅದೂ ಲೆಕ್ಕಾನೇ ಅಲ್ವಾ?’ ಎನ್ನುತ್ತಿದ್ದರು. ಕೂಲಿಯವರು ತಲೆ ಕೆರೆದುಕೊಳ್ಳುತ್ತಿದ್ದರು. ಲೆಕ್ಕ ಸರಿಯೇ. ಹಿಟ್ಟು ಉಂಡದ್ದು ನಿಜವೇ. ದಾರಿಯಲ್ಲಿ ಬರುವಾಗ ನಮ್ಮವ್ವ ಮೊರದ ರಾಗಿಯನ್ನು ನೋಡಿಕೊಂಡು ಹೇಳುತ್ತಿದ್ದಳು, ‘ತಿಪ್ಪೆ ಸಾರುಸ್ತಾವ್ನೆ ಕಣ್ಲಾ ಮಗ.’

ತಿಪ್ಪೆ ಸಾರಿಸುವುದು ಎಂಬ ಈ ಮಾತು ಇಡೀ ಕರ್ನಾಟಕಕ್ಕೆ ಗೊತ್ತು. ಪತ್ರಿಕೆಗಳಲ್ಲಿ, ವಿಧಾನಸಭೆಯಲ್ಲಿ ದಿನಾ ಕೇಳುತ್ತೇವೆ. ಆದರೆ ಬಳಸುವವರು ಅದರೊಳಗಿನ ಚಿತ್ರವನ್ನು ನೋಡುವುದನ್ನು ಬಿಟ್ಟಿದ್ದಾರೆ. ಸಾರಿಸುವುದು ನೆಲವನ್ನು. ಸಗಣಿ ನೀರು ಬಳಿದು ಕೈಯಾಡಿಸಿದರೆ ಮಣ್ಣು ನೆಲ ಹಸನಾಗುತ್ತದೆ, ಕೂರುವುದಕ್ಕೆ, ಉಣ್ಣುವುದಕ್ಕೆ ಆಗುತ್ತದೆ. ಅದೇ ಸಗಣಿಯನ್ನು ತಿಪ್ಪೆಯ ಮೇಲೆ ಬಳಿದರೆ? ಮೇಲುನೋಟಕ್ಕೆ ಅಂಗಳ, ಕಾಲಿಟ್ಟರೆ ಮಂಡಿವರೆಗೆ ಹೂತುಹೋಗುತ್ತದೆ. ಪಂಡಿತರ ‘ಕುತರ್ಕ’ದಲ್ಲಿ ಇಲ್ಲದ್ದು ಇದರಲ್ಲಿದೆ. ‘ಕು’ ಎಂಬ ಉಪಸರ್ಗ ತರ್ಕ ಕೆಟ್ಟದ್ದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನಮ್ಮವ್ವನ ಮಾತು, ಅದು ಹೇಗೆ ಚೆಂದ ಕಾಣುತ್ತದೆ ಎಂಬುದನ್ನೂ, ಯಾವುದರ ಮೇಲೆ ಬಳಿದಿದ್ದಾರೆ ಎಂಬುದನ್ನೂ ಒಟ್ಟಿಗೆ ಹೇಳುತ್ತದೆ. ತಿಪ್ಪೆ ಹೊತ್ತವರಿಗೆ, ನೆಲ ಸಾರಿಸಿದವರಿಗೆ ಮಾತ್ರ ಹೊಳೆಯಬಹುದಾದ ರೂಪಕ ಇದು. ಅಲಂಕಾರಶಾಸ್ತ್ರದ ಪುಸ್ತಕಗಳು ಇದನ್ನು ನುಡಿಗಟ್ಟು ಎಂದು ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿವೆ.

ಶಾಸ್ತ್ರದ ಕಡೆಗೂ ಹೋಗೋಣ. ನಾವು ಹೋಗಬಾರದು ಎಂದಿದ್ದ ಜಾಗವಾದ್ದರಿಂದ ಹೋಗಲೇಬೇಕು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಹೇತುಶಾಸ್ತ್ರವನ್ನು ಆಶ್ರಯಿಸಿ ಶ್ರುತಿಸ್ಮೃತಿಗಳನ್ನು ಅಗೌರವಿಸುವ ದ್ವಿಜನನ್ನು ಸಜ್ಜನರು ಹೊರಹಾಕಬೇಕು, ಅವನು ನಾಸ್ತಿಕ ಎಂಬ ಮಾತಿದೆ. ಗಮನಿಸಬೇಕು, ದ್ವಿಜನಿಗೇ ಈ ಗತಿ. ನಮ್ಮನ್ನು ಹೊರಹಾಕುವ ಪ್ರಶ್ನೆಯೇ ಬರಲಿಲ್ಲ, ಒಳಗೆ ಇದ್ದರಲ್ಲವೇ? ಕಾರಣ ಕೇಳುವುದೇ ಅಪರಾಧವಾದ ಮೇಲೆ ಕೇಳಿದವನ ತರ್ಕವೆಲ್ಲ ಕುತರ್ಕವೇ. ಇದನ್ನು ಅಂಬೇಡ್ಕರ್ 1936ರಲ್ಲಿ, ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲಕ್ಕೆಂದು ಬರೆದು ಅಲ್ಲಿ ಓದಲು ಅವಕಾಶವಾಗದೇ ಹೋದ ಭಾಷಣದಲ್ಲಿ, ಬಹಳ ಸ್ಪಷ್ಟವಾಗಿ ಹಿಡಿದಿದ್ದಾರೆ.

ಆದರೆ ನ್ಯಾಯಸೂತ್ರಗಳು ಮನುವಿನಷ್ಟು ಒರಟಲ್ಲ. ಗೌತಮನ ಹದಿನಾರು ಪದಾರ್ಥಗಳಲ್ಲಿ ವಾದ, ಜಲ್ಪ, ವಿತಂಡ ಮೂರೂ ಬರುತ್ತವೆ. ನಿಜ ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದು ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಮುರಿಯುವುದಷ್ಟೇ ವಿತಂಡ. ಈಗ ಸಭೆಗಳಲ್ಲಿ ‘ಇದು ವಿತಂಡವಾದ’ ಎಂದು ಅಧ್ಯಕ್ಷರು ಮೇಜು ಕುಟ್ಟಿದಾಗ ಅವರ ಮನಸ್ಸಿನಲ್ಲಿರುವುದು ಈ ಅರ್ಥವಲ್ಲ. ‘ನೀನು ಸುಮ್ಮನೆ ಕೂತ್ಕೋ’ ಎಂಬುದಷ್ಟೇ. ನನಗೂ ಒಂದು ವಿಚಾರ ಸಂಕಿರಣದಲ್ಲಿ ಈ ಬಿರುದು ಸಿಕ್ಕಿದೆ. ಹಳ್ಳಿಯ ದೇವಸ್ಥಾನಕ್ಕೆ ಎಲ್ಲರಿಗೂ ಪ್ರವೇಶವಿದೆ ಎಂದು ಪ್ರಬಂಧ ಮಂಡಿಸಿದವರನ್ನು ‘ಪ್ರವೇಶ ಇದ್ದರೆ ನಮ್ಮವರು ಯಾಕೆ ಹೋಗ್ತಾ ಇಲ್ಲ?’ ಎಂದಷ್ಟೇ ಕೇಳಿದ್ದೆ. ಶಾಸ್ತ್ರದ ಲೆಕ್ಕದಲ್ಲಿ ಅವರು ಹೇಳಿದ್ದು ಒಂದು ರೀತಿಯಲ್ಲಿ ಸರಿಯೇ, ನಾನು ನನ್ನ ಪಕ್ಷವನ್ನು ಸ್ಥಾಪಿಸಿರಲಿಲ್ಲ. ಆದರೆ ವಿತಂಡ ಎಂಬುದು ಬೈಗುಳ ಹೇಗಾಯಿತು? ನಾಗಾರ್ಜುನ ತನಗೆ ಪ್ರತಿಜ್ಞೆಯೇ ಇಲ್ಲ ಎಂದವನು. ಅದ್ವೈತಿಯಾದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಮಾಡಿದ್ದೂ ಮುಕ್ಕಾಲುಪಾಲು ಇದನ್ನೇ. ಅವನದು ಪಾಂಡಿತ್ಯವಾಯಿತು. ನಲವತ್ತೇಳರ ಸ್ವಾತಂತ್ರ್ಯ ಯಾರ ಮನೆಗೆ ಬಂತು ಎಂದು ಸಿದ್ದಲಿಂಗಯ್ಯ ಕೇಳಿದಾಗ ‘ಬರೀ ಪ್ರಶ್ನೆ ಕೇಳಿದರೆ ಆಯಿತೇ, ಪರ್ಯಾಯ ಏನು?’ ಎಂಬ ಆಕ್ಷೇಪ ಬಂತು. ಏಟು ತಿಂದವನು ‘ಯಾಕೆ ಹೊಡೆದೆ’ ಎಂದರೆ, ‘ಹೊಡೆಯದೆ ಇರುವ ಸಮಾಜದ ನೀಲನಕ್ಷೆ ತೋರಿಸು’ ಎಂದಂತೆ.

ವಿತಂಡವನ್ನೂ ಕುತರ್ಕವನ್ನೂ ನಾವು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ನೋಡುವುದಕ್ಕೆ ಕಾರಣದಂತಿದ್ದು ಕಾರಣವಲ್ಲದ್ದಕ್ಕೆ ಶಾಸ್ತ್ರದಲ್ಲಿ ಹೇತ್ವಾಭಾಸ ಎಂಬ ಒಳ್ಳೆಯ ಪದವಿದೆ. ದುರದೃಷ್ಟಕ್ಕೆ ಆಭಾಸ ಎಂಬುದಕ್ಕೆ ಕನ್ನಡದಲ್ಲಿ ಈಗ ಮುಜುಗರ ಎಂಬ ಅರ್ಥ ಬಂದುಬಿಟ್ಟಿದೆ. ಮದುವೆ ಮನೆಯಲ್ಲಿ ಪಂಚೆ ಬಿಚ್ಚಿಹೋದರೆ ಆಭಾಸ. ಹಾಗಾಗಿ ಹೇತ್ವಾಭಾಸ ಎಂದರೆ ಯಾರಿಗೂ ತಟ್ಟುವುದಿಲ್ಲ.

ಇನ್ನು ಅದೇ ಹದಿನಾರು ಪದಾರ್ಥಗಳಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಒಂದು ಪದವಿದೆ: ಜಾತಿ. ನಮಗೆ ಗೊತ್ತಿರುವ ಜಾತಿಯಲ್ಲ. ಎದುರಾಳಿ ಸರಿಯಾದ ಕಾರಣ ಕೊಟ್ಟಾಗ, ಬರೀ ಒಂದು ಹೋಲಿಕೆಯನ್ನೋ ಒಂದು ವ್ಯತ್ಯಾಸವನ್ನೋ ಮುಂದಿಟ್ಟು ಕೊಡುವ ಪೊಳ್ಳು ಉತ್ತರಕ್ಕೆ ಗೌತಮ ಜಾತಿ ಎಂದು ಹೆಸರಿಟ್ಟಿದ್ದಾನೆ. ಇಪ್ಪತ್ನಾಲ್ಕು ಬಗೆಯ ಜಾತಿಗಳನ್ನು ಐದನೆಯ ಅಧ್ಯಾಯದಲ್ಲಿ ವಿವರಿಸಿದ್ದಾನೆ. ಮಡಕೆಯ ಹಾಗೆ ಶಬ್ದವೂ ಹುಟ್ಟುವಂಥದ್ದು, ಆದ್ದರಿಂದ ಅದು ಅನಿತ್ಯ ಎಂದು ಒಬ್ಬ ಹೇಳಿದರೆ, ಆಕಾಶದ ಹಾಗೆ ಶಬ್ದಕ್ಕೂ ಆಕಾರವಿಲ್ಲ, ಆದ್ದರಿಂದ ನಿತ್ಯ ಎಂದು ಇನ್ನೊಬ್ಬ ಅನ್ನುತ್ತಾನೆ. ಹೋಲಿಕೆ ಇದೆ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

‘ನಮ್ಮಲ್ಲೂ ಬಡವರಿದ್ದಾರೆ’ ಎಂಬ ಮಾತನ್ನು ಇಲ್ಲಿಟ್ಟು ನೋಡಿ. ಮೀಸಲಾತಿಯ ಮಾತು ಬಂದಾಗಲೆಲ್ಲ ತಟ್ಟನೆ ಬರುವ ಉತ್ತರ. ಬಡತನದ ಹೋಲಿಕೆ ನಿಜ. ಅಡಿಗೆ ಕೆಲಸಕ್ಕೆ ಹೋಗಿ ಮಕ್ಕಳನ್ನು ಓದಿಸಿದ ಬ್ರಾಹ್ಮಣ ಹೆಂಗಸರನ್ನು ಕನಕಪುರದಲ್ಲಿ ನಾನೇ ಕಂಡಿದ್ದೇನೆ, ಅವರ ಕಷ್ಟ ಕಷ್ಟವೇ. ಆದರೆ ಅವರು ಮಾಡಿದ ಅಡಿಗೆಯನ್ನು ಊರು ಉಣ್ಣುತ್ತಿತ್ತು. ನಮ್ಮವ್ವ ಮುಟ್ಟಿದ ನೀರನ್ನು ಕುಡಿಯುತ್ತಿರಲಿಲ್ಲ. ಮೀಸಲಾತಿ ಬಂದದ್ದು ಈ ಎರಡನೆಯದರ ಕಾರಣಕ್ಕೆ. ಬಡತನವೇ ಕಾರಣವಾಗಿ 2019ರಲ್ಲಿ ಶೇಕಡ 10ರ ಮೀಸಲಾತಿ ತಂದಾಗ ನಮ್ಮ ಬಡವರನ್ನು ಅದರಿಂದ ಹೊರಗಿಟ್ಟರು. ಆಗ ಹೋಲಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಂತೂ ಈ ಉತ್ತರ ಗೌತಮನ ಅರ್ಥದಲ್ಲೂ ಜಾತಿಯೇ.

ಒಂದು ಎಚ್ಚರ ಹೇಳಲೇಬೇಕು. ‘ನೋಡಿ, ಶಾಸ್ತ್ರಕಾರನೇ ಜಾತಿ ಎಂದರೆ ಪೊಳ್ಳುವಾದ ಎಂದಿದ್ದಾನೆ’ ಎಂದು ನಾನು ಇಲ್ಲಿಂದ ಒಂದು ಸಿದ್ಧಾಂತ ಕಟ್ಟಿದರೆ ಅದು ತಿಪ್ಪೆ ಸಾರಿಸುವ ಕೆಲಸವೇ ಆಗುತ್ತದೆ. ಪದ ಒಂದೇ, ಅರ್ಥ ಬೇರೆ. ಒಂದು ಪದಕ್ಕೆ ಎರಡು ಅರ್ಥವಿರುವುದನ್ನು ಹಿಡಿದು ವಾದ ಗೆಲ್ಲುವುದಕ್ಕೆ ವಾಕ್ಛಲ ಎಂಬ ಹೆಸರೂ ಅಲ್ಲೇ ಇದೆ. ಹೊಸ ಕಂಬಳಿ ಹೊದ್ದ ಹುಡುಗನನ್ನು ‘ನವಕಂಬಳದವನು’ ಎಂದರೆ, ‘ಅವನ ಹತ್ತಿರ ಒಂಬತ್ತು ಕಂಬಳಿ ಎಲ್ಲಿವೆ?’ ಎಂದು ಕೇಳಿದಂತೆ. ಶ್ಲೇಷೆಯಲ್ಲಿ ನಕ್ಕು ಮುಂದೆ ಹೋಗಬಹುದು, ಅದರ ಮೇಲೆ ಮನೆ ಕಟ್ಟಲಾಗದು.

ಛಲದಲ್ಲಿ ಇನ್ನೊಂದು ಬಗೆ ಉಪಚಾರಛಲ. ಮಂಚಿಕೆಗಳು ಕೂಗುತ್ತಿವೆ ಎಂದು ಒಬ್ಬ ಹೇಳಿದರೆ, ಮಂಚಿಕೆಯ ಮೇಲೆ ಕೂತವರು ಕೂಗುತ್ತಿದ್ದಾರೆ ಎಂದು ಅರ್ಥ ಮಾಡಿಕೊಳ್ಳದೆ, ಮರದ ಮಂಚಿಕೆಗೆ ಬಾಯಿ ಎಲ್ಲಿದೆ ಎಂದು ಜಗಳಕ್ಕೆ ಬರುವುದು. 1973ರ ನವೆಂಬರಿನಲ್ಲಿ ಕನ್ನಡ ನಾಡಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ ಎಂದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ ಅವರು. ಮಲ ಹೊತ್ತವರ ಬದುಕು ಈ ಸಾಹಿತ್ಯದಲ್ಲಿ ಎಲ್ಲಿದೆ ಎಂಬುದು ಅವರ ಮಾತಿನ ಹುರುಳು. ಬೂಸಾ ಎಂಬುದು ಉಪಮಾನ. ಅದನ್ನು ಹಿಡಿದು, ‘ಸಾಹಿತ್ಯವನ್ನು ಬೂಸಾ ಎಂದರು, ಸಾಹಿತ್ಯ ಕನ್ನಡದ್ದು, ಆದ್ದರಿಂದ ಕನ್ನಡವನ್ನೇ ಬೂಸಾ ಎಂದರು, ಆದ್ದರಿಂದ ಕನ್ನಡ ತಾಯಿಗೆ ಅವಮಾನ ಮಾಡಿದರು’ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಪ್ರತಿ ಮೆಟ್ಟಿಲೂ ಹಿಂದಿನದಕ್ಕೆ ತಾಗಿಕೊಂಡಂತೆಯೇ ಕಾಣುತ್ತದೆ. ಮೇಲೆ ನಿಂತು ನೋಡಿದರೆ ನೆಲ ಎಲ್ಲೂ ಇಲ್ಲ. ಬೆಂಗಳೂರು, ಮೈಸೂರುಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು. ಬಸವಲಿಂಗಪ್ಪನವರು ಮಂತ್ರಿಪದವಿ ಬಿಡಬೇಕಾಯಿತು. ಹೇತ್ವಾಭಾಸ ಎಂದರೆ ಬರೀ ಪುಸ್ತಕದ ಮಾತಲ್ಲ, ಅದಕ್ಕೆ ದೊಣ್ಣೆಯೂ ಇರುತ್ತದೆ ಎಂಬುದು ನಮಗೆ ಆಗ ಗೊತ್ತಾಯಿತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಈ ಬಿಸಿಯಲ್ಲೇ.

(ನಮ್ಮ ಮನೆಯಲ್ಲಿ ಒಂದು ಎಮ್ಮೆ ಇತ್ತು. ಬೂಸಾ ತರಲು ಕಾಸಿಲ್ಲದೆ ಅವ್ವ ಕಳೆ ಕಿತ್ತು ಹಾಕುತ್ತಿದ್ದಳು. ಬೂಸಾ ಎಂದರೆ ಬೈಗುಳ ಎಂದು ಸಿಟ್ಟಾದವರಿಗೆ ಬೂಸಾದ ಬೆಲೆಯೂ ಗೊತ್ತಿರಲಿಲ್ಲವೇನೋ.)

ಈಗ ಸಾಹಿತ್ಯ ವಿಮರ್ಶೆಗೆ ಬರೋಣ. ನಮ್ಮ ವಿಮರ್ಶೆಯಲ್ಲಿ ಅತಿ ಹೆಚ್ಚು ಸಾರಿಸಲ್ಪಟ್ಟ ತಿಪ್ಪೆ ‘ಸಾಹಿತ್ಯಕ್ಕೆ ಜಾತಿಯಿಲ್ಲ’ ಎಂಬುದು. ಸಾಹಿತ್ಯಕ್ಕೆ ಜಾತಿಯಿಲ್ಲ, ಆದ್ದರಿಂದ ದಲಿತ ಸಾಹಿತ್ಯ ಎಂಬ ವಿಂಗಡಣೆ ಸಲ್ಲದು. ಕೇಳುವುದಕ್ಕೆ ಎಷ್ಟು ಉದಾರ! ಆದರೆ ಸಾಬೀತು ಮಾಡಬೇಕಾದದ್ದನ್ನೇ ಕಾರಣವಾಗಿ ಇಟ್ಟಿದ್ದಾರೆ. ಶಾಸ್ತ್ರ ಇದನ್ನು ಸಾಧ್ಯಸಮ ಎನ್ನುತ್ತದೆ. ಸಾಹಿತ್ಯದಲ್ಲಿ ಜಾತಿ ಕೆಲಸ ಮಾಡಿದೆಯೋ ಇಲ್ಲವೋ ಎಂಬುದೇ ನಮ್ಮ ಪ್ರಶ್ನೆಯಾಗಿರುವಾಗ ಇಲ್ಲ ಎಂಬುದನ್ನು ಕಾರಣ ಮಾಡಿಕೊಳ್ಳಲು ಬರುವುದಿಲ್ಲ.

ಎರಡನೆಯದು ಅರ್ಹತೆ. ಇದರ ಚರಿತ್ರೆ ಹಳೆಯದು, ಅದು ಸಾಹಿತ್ಯದಲ್ಲಲ್ಲ, ಕಚೇರಿಯಲ್ಲಿ ಹುಟ್ಟಿದ್ದು. 1918ರಲ್ಲಿ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿ, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಕೇಳಿದಾಗ, ದಕ್ಷತೆ ಕುಸಿಯುತ್ತದೆ ಎಂಬ ವಾದ ಬಂತು. ದಿವಾನ್ ವಿಶ್ವೇಶ್ವರಯ್ಯನವರ ನಿಲುವೂ ಇದೇ ಆಗಿತ್ತು, ಆ ವರ್ಷವೇ ಅವರು ಹುದ್ದೆ ಬಿಟ್ಟರು. ಮಿಲ್ಲರ್ ಸಮಿತಿ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ದಕ್ಷತೆಯನ್ನು ಬರೀ ಓದಿನ ಯೋಗ್ಯತೆಯಿಂದ ಅಳೆಯಲಾಗದು, ಸಹಾನುಭೂತಿ, ಪ್ರಾಮಾಣಿಕತೆ, ಸಾಮಾನ್ಯ ತಿಳುವಳಿಕೆಗಳೂ ದಕ್ಷತೆಯ ಭಾಗವೇ. ನೂರು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದಿಲ್ಲ. ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡವರು ಅಳತೆಗೋಲನ್ನೇ ಅರ್ಹತೆ ಎಂದು ಕರೆದುಬಿಟ್ಟರೆ, ಮಿಕ್ಕವರೆಲ್ಲ ಗಿಡ್ಡರೇ.

ಈ ಅಳತೆಗೋಲು ಕಾವ್ಯಕ್ಕೆ ಬಂದಾಗ ಏನಾಯಿತು ಎಂಬುದಕ್ಕೆ ಸಿದ್ದಲಿಂಗಯ್ಯನವರೇ ಸಾಕ್ಷಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಈ ಕವಿಯ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ, ಇದು ಘೋಷಣೆ, ಕಾವ್ಯವಲ್ಲ ಎಂದವರಿದ್ದರು. ಮುಂದೆ ‘ಊರುಕೇರಿ’ ಬಂದಾಗ ಅದರ ನಗೆಯನ್ನು ಎಲ್ಲರೂ ಮೆಚ್ಚಿದರು, ಮೆಚ್ಚಲೇಬೇಕಾದ ನಗೆ ಅದು. ಆದರೆ ಮೆಚ್ಚುಗೆಯ ಜೊತೆಗೆ ಒಂದು ತರ್ಕ ಸದ್ದಿಲ್ಲದೆ ಒಳಗೆ ಬಂತು. ಮೊದಲು ಸಿಟ್ಟು, ಆಮೇಲೆ ನಗು. ಆಮೇಲಿನದು ಮೊದಲಿನದಕ್ಕಿಂತ ಮಾಗಿದ್ದು. ಆದ್ದರಿಂದ ಸಿಟ್ಟು ಹಸಿಯಾಗಿತ್ತು, ಅದನ್ನು ಕವಿಯೇ ಮೀರಿದ್ದಾನೆ. ಕಾಲದಲ್ಲಿ ಹಿಂದುಮುಂದಾದದ್ದೇ ಬೆಲೆಯಲ್ಲೂ ಮೇಲುಕೀಳಾಗಿ ಹೋಯಿತು. ಮೊದಲಿನ ಹಾಡುಗಳು ಬೀದಿಯಲ್ಲಿ ನಡೆಯುವವರ ಬಾಯಿಗೆ ಕಟ್ಟಿದವು. ಸಾವಿರ ಗಂಟಲು ಒಟ್ಟಿಗೆ ಎತ್ತಿಕೊಳ್ಳುವಂತೆ ಲಯ ಕೂಡಿಸುವುದು, ಒಂದು ಸಾಲು ಮರೆತರೂ ಹಾಡು ನಿಲ್ಲದಂತೆ ಕಟ್ಟುವುದು ಕಷ್ಟದ ಕಸುಬು. ಅದನ್ನು ಒಬ್ಬನೇ ಕುರ್ಚಿಯಲ್ಲಿ ಕೂತು ಓದುವ ಪದ್ಯದ ಅಳತೆಯಿಂದ ಅಳೆದು ಸೋತಿತು ಎಂದರು. ಇನ್ನು ‘ಊರುಕೇರಿ’ಯ ನಗೆಯೊಳಗೆ ಸಿಟ್ಟಿಲ್ಲ ಎಂದು ಯಾರು ಹೇಳಿದರು? ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಅಪ್ಪನನ್ನು ಮಗ ನೋಡುವ ಆ ಪುಟ ಓದಿ ನಕ್ಕು ಹಗುರಾದ ಓದುಗನ ಬಗ್ಗೆ ನನಗೆ ಅನುಮಾನವಿದೆ. 2021ರಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲೂ ಈ ‘ಸಿಟ್ಟಿನಿಂದ ನಗೆಯೆಡೆಗೆ’ ಎಂಬ ಸಾರಣೆ ಕಾಣುತ್ತಿತ್ತು.

ನಮ್ಮ ಕಡೆಯ ವಿಮರ್ಶೆಯೂ ಇದರಿಂದ ಹೊರತಲ್ಲ. ‘ಬರೆದವನು ದಲಿತ, ಆದ್ದರಿಂದ ಅನುಭವ ಅಧಿಕೃತ, ಆದ್ದರಿಂದ ಕೃತಿ ಶ್ರೇಷ್ಠ’ ಎಂದು ನಾವೂ ಎಷ್ಟು ಮುನ್ನುಡಿ ಬರೆದಿಲ್ಲ? ಮೊದಲ ಆದ್ದರಿಂದ ಒಪ್ಪಬಹುದು. ಎರಡನೆಯ ಆದ್ದರಿಂದಕ್ಕೆ ಕಾಲಿಲ್ಲ. ಅಧಿಕೃತ ಅನುಭವದಿಂದ ಒಳ್ಳೆಯ ಕೃತಿಯೂ ಬಂದಿದೆ, ಕೆಟ್ಟದ್ದೂ ಬಂದಿದೆ. ಎರಡು ಕಡೆಗೂ ಹೋಗುವ ಕಾರಣ ಕಾರಣವೇ ಅಲ್ಲ, ಸವ್ಯಭಿಚಾರ ಎಂದು ಅದಕ್ಕೆ ಹೆಸರು. ನಮ್ಮ ಚನ್ನಪಟ್ಟಣ ತಾಲ್ಲೂಕಿನವರೇ ಆದ ಮೊಗಳ್ಳಿ ಗಣೇಶರ ಕಥೆಗಳು ನಿಂತಿರುವುದು ಅವರು ಎಲ್ಲಿ ಹುಟ್ಟಿದರು ಎಂಬುದರ ಮೇಲಲ್ಲ, ಆ ಗದ್ಯದ ಮೇಲೆ. ಈ ಭೇದವನ್ನು ನಾವು ಕಾಪಾಡದಿದ್ದರೆ ನಮ್ಮ ಒಳ್ಳೆಯ ಲೇಖಕರಿಗೇ ಅನ್ಯಾಯ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ನಿಂತು ನೋಡಿ. ರೀಲರುಗಳು ಬುಟ್ಟಿಯಿಂದ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಹೊರಗೆ ಎಲ್ಲ ಗೂಡೂ ಒಂದೇ ಹಾಗೆ. ಒಳಗಿನ ಹುಳ ಕೊಳೆತುಹೋಗಿದ್ದರೆ ಸದ್ದಿನಲ್ಲಿ ಗೊತ್ತಾಗುತ್ತದೆ. ಓದು ಬಾರದವರೂ ಈ ಪರೀಕ್ಷೆಯಲ್ಲಿ ಪಳಗಿದವರೇ.

*

ಇದೆಲ್ಲ ಪುಸ್ತಕದ ಮಾತಾಯಿತು. ನಮ್ಮ ತಾತನಿಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು. 80ರ ದಶಕದ ಶುರುವಿನಲ್ಲಿ ಅತ್ತೆಯ ಮದುವೆಯ ಸಾಲಕ್ಕೆ ಅದು ಊರಿನ ಒಬ್ಬರ ಪಾಲಾಯಿತು. ತಾತ ಹೆಬ್ಬೆಟ್ಟು ಒತ್ತಿದ್ದು ನಿಜ, ದುಡ್ಡು ಇಸ್ಕೊಂಡದ್ದೂ ನಿಜ. ಆದರೆ ಅಷ್ಟರಲ್ಲಿ 1978ರ ಕಾಯಿದೆ ಬಂದಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು, ಜಮೀನು ಹಿಂದಕ್ಕೆ ಬರಬೇಕು. ತಾತನಿಗೆ ಇದು ಗೊತ್ತಿರಲಿಲ್ಲ. ಕೊಂಡವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಬೆಂಗಳೂರು-ಮೈಸೂರು ರಸ್ತೆ ಅಗಲವಾಗುತ್ತ, 2023ರಲ್ಲಿ ಹೆದ್ದಾರಿಯೇ ಬಂದು, ಎಕರೆಯ ಬೆಲೆ ಕೋಟಿಯ ಮಾತಾದಾಗ ನಮ್ಮ ಚಿಕ್ಕಪ್ಪ ಅರ್ಜಿ ಹಾಕುವ ಮಾತೆತ್ತಿದರು. ಊರಿನ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಒಬ್ಬ ಹಿರಿಯರು ಬಹಳ ನಯವಾಗಿ ಹೇಳಿದರು: ‘ನೋಡಪ್ಪಾ, ನಿಮ್ಮಪ್ಪ ದುಡ್ಡು ಈಸ್ಕೊಂಡ. ತನ್ನ ಕೈಯಾರೆ ಹೆಬ್ಬೆಟ್ಟು ಒತ್ತಿದ. ನಲವತ್ತು ವರ್ಸ ನೀವು ತುಟಿಪಿಟಿಕ್ ಅನ್ನಲಿಲ್ಲ. ಈಗ ರೇಟು ಬಂದೈತೆ ಅಂತ ಕೇಳ್ತಿದ್ದೀರಿ. ಇದು ಧರ್ಮವಾ?’

ಚಿಕ್ಕಪ್ಪ ತಲೆ ತಗ್ಗಿಸಿಬಿಟ್ಟರು. ಯಾಕೆಂದರೆ ಒಂದೊಂದು ಮಾತೂ ನಿಜ. ದುಡ್ಡು ಪಡೆದದ್ದು ನಿಜ, ಹೆಬ್ಬೆಟ್ಟು ನಿಜ, ನಲವತ್ತು ವರ್ಷ ನಿಜ, ರೇಟು ಬಂದದ್ದೂ ನಿಜ. ಬಿಟ್ಟುಹೋದದ್ದು ಒಂದೇ: ಹೆಬ್ಬೆಟ್ಟಿಗೆ ಬೆಲೆಯಿಲ್ಲ ಎಂದು ಕಾಯಿದೆ ಹೇಳಿದ್ದೇ, ಸಾಲಕ್ಕೆ ಸಿಕ್ಕಿದವನು ತನ್ನ ಕೈಯಾರೆ ಒತ್ತುವುದಿಲ್ಲ ಎಂಬ ಕಾರಣಕ್ಕೆ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವವರು, ಅದೇ ಊರಿನಲ್ಲಿ ಎದುರು ಮಾತಾಡಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನೂ ಹಾಕಬೇಕು. ನಾನು ಇದನ್ನು ಹೇಳಿದೆ. ‘ಮೇಷ್ಟ್ರೇ, ನೀವು ಓದ್ದೋರು, ಕುತರ್ಕ ಮಾಡಬ್ಯಾಡಿ’ ಎಂದರು.

ಇಲ್ಲಿ ಪದವನ್ನು ಎಚ್ಚರದಿಂದ ಬಳಸಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಗಳನ್ನು ಸಮಂಜಸವಾದ ಅವಧಿಯೊಳಗೆ ಹಾಕಬೇಕು ಎಂದು ತೀರ್ಪು ಕೊಟ್ಟಿತು. ಅದರಿಂದ ಬಹಳ ಜನಕ್ಕೆ ಜಮೀನು ದಕ್ಕಲಿಲ್ಲ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಕುತರ್ಕ ಎನ್ನಲಾರೆ. ಅದು ತನ್ನ ಕಾರಣವನ್ನು ಬಿಚ್ಚಿಟ್ಟು, ಒಪ್ಪುವ ಬಿಡುವ ಅವಕಾಶ ಕೊಟ್ಟು ಹೇಳಿದ ವಾದ. ಎದುರು ವಾದದಿಂದಲೇ ಅದಕ್ಕೆ ಉತ್ತರ ಸಿಕ್ಕಿತು, 2023ರಲ್ಲಿ ರಾಜ್ಯದ ಶಾಸಕಾಂಗ ಕಾಯಿದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದಿತು. ನಮಗೆ ಆಗದ ತೀರ್ಮಾನವನ್ನೆಲ್ಲ ಕುತರ್ಕ ಎಂದು ಕರೆದರೆ ನಾವೂ ಆ ‘ಎದುರು ಮಾತಾಡಬಾರದು’ ಎಂದು ಬರೆದ ಹುಡುಗರ ಸಾಲಿಗೇ ಸೇರುತ್ತೇವೆ. ಕಟ್ಟೆಯ ಮೇಲಿನ ಹಿರಿಯರ ಮಾತು ಮಾತ್ರ ಬೇರೆ. ಅದು ಧರ್ಮದ ಹೆಸರಿನಲ್ಲಿ ಕಾಯಿದೆಯನ್ನು ಮುಚ್ಚಿಡುವ ಸಾರಣೆ. ಚಿಕ್ಕಪ್ಪ ಇನ್ನೂ ಅರ್ಜಿ ಹಾಕಿಲ್ಲ. ‘ಊರಲ್ಲಿ ಇರಬೇಕಲ್ಲಪ್ಪಾ’ ಎನ್ನುತ್ತಾರೆ.

ಕೊನೆಗೆ ನನ್ನ ಮೇಲೇ ಪದವನ್ನು ತಿರುಗಿಸದೆ ಇದ್ದರೆ ಈ ಬರಹ ಅರ್ಧವಾಗುತ್ತದೆ. ಒಳಮೀಸಲಾತಿಯ ಬೇಡಿಕೆ ಎದ್ದ ದಿನಗಳಿಂದಲೂ ನಾನು ಸಭೆಗಳಲ್ಲಿ ಒಂದೇ ಮಾತು ಹೇಳುತ್ತಿದ್ದೆ: ದಲಿತರೆಲ್ಲ ಒಂದು, ಒಳಗೇ ಪಾಲು ಕೇಳಿದರೆ ಒಗ್ಗಟ್ಟು ಒಡೆಯುತ್ತದೆ, ಆದ್ದರಿಂದ ಈಗ ಬೇಡ. 2005ರಲ್ಲಿ ಸದಾಶಿವ ಆಯೋಗ ಆದಾಗಲೂ ಹೇಳಿದೆ, 2012ರಲ್ಲಿ ವರದಿ ಬಂದಾಗಲೂ ಹೇಳಿದೆ. ಹೇಳಿದ್ದು ನಂಬಿಯೇ. ಅಂಬೇಡ್ಕರ್ ಅವರ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದೆ. ನಾನು ಹುಟ್ಟಿದ್ದು ಬಲಗೈ ಮನೆಯಲ್ಲಿ ಎಂಬುದನ್ನು ಮಾತ್ರ ಯಾವ ಭಾಷಣದಲ್ಲೂ ಸೇರಿಸಿರಲಿಲ್ಲ.

ಕನಕಪುರದ ಕಡೆಯ ಒಂದು ಸಭೆ ಮುಗಿದ ಮೇಲೆ ಮಾದಿಗರ ಹುಡುಗನೊಬ್ಬ ಹಿಂದೆಯೇ ಬಂದ. ನನ್ನ ಹಳೆಯ ವಿದ್ಯಾರ್ಥಿ, ಚರ್ಮದ ಕೆಲಸ ಬಿಟ್ಟು ಆಟೋ ಓಡಿಸುತ್ತಿದ್ದಾನೆ. ‘ಸಾ, ಒಂದ್ ಮಾತ್ ಕೇಳ್ಲಾ?’ ಅಂದ. ‘ಕೇಳಪ್ಪ’ ಅಂದೆ.

‘ಒಗ್ಗಟ್ಟು ಅಂತೀರಲ್ಲ ಸಾ. ನಿಮ್ ಕೇರೀಲಿ ನಮ್ಗೆ ಹೆಣ್ಣು ಕೊಡಾಕಿಲ್ಲ. ನಮ್ ಮನೇಲಿ ನೀವು ಉಣ್ಣಾಕಿಲ್ಲ. ಕೆಲ್ಸ ಹಂಚಕಾಗ ಮಾತ್ರ ಯಾಕ್ ಸಾ ಒಗ್ಗಟ್ಟು?’

ಉತ್ತರ ಹುಡುಕುತ್ತ ನಿಂತೆ. ‘ಬೇರೆ ಪಾಲು ಕೇಳಿದರೆ ದೇಶ ಒಡೆಯುತ್ತದೆ’ ಎಂದು 1932ರಲ್ಲಿ ನಮಗೆ ಹೇಳಿದ್ದ ಮಾತನ್ನು, ಒಂದು ಪದ ಬದಲಾಯಿಸಿ ನಾನು ಅವನಿಗೆ ಹೇಳುತ್ತಿದ್ದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣಕ್ಕೆ ಅವಕಾಶವಿದೆ ಎಂದಿತು. 2025ರ ಆಗಸ್ಟಿನಲ್ಲಿ ರಾಜ್ಯದ ಸಚಿವ ಸಂಪುಟ ಶೇಕಡ 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಆ ಹಂಚಿಕೆಯ ಬಗ್ಗೆ, ಅದರಲ್ಲೂ ಅಲೆಮಾರಿಗಳ ಪಾಲಿನ ಬಗ್ಗೆ ಜಗಳವಿದೆ, ಇರಲಿ, ಅದು ವಾದದ ಜಾಗ. ಆದರೆ ಅಂದು ಆ ಹುಡುಗ ಕೇಳಿದಾಗ ಇವು ಯಾವುವೂ ಬಂದಿರಲಿಲ್ಲ.

ನಾನು ಬಸ್ಸು ಬಂತೆಂದು ನೆಪ ಹೇಳಿದೆ. ಅವನು ನಕ್ಕು, ‘ಬುಡಿ ಸಾ, ನಾನೇ ಬಿಡ್ತೀನಿ ಸ್ಟ್ಯಾಂಡ್‌ಗೆ’ ಅಂತ ಆಟೋ ತಿರುಗಿಸಿದ. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಇಳಿದು ದುಡ್ಡು ಕೊಡಲು ಹೋದರೆ ಇಸ್ಕೊಳ್ಳಲಿಲ್ಲ.